ಕೈ ಇಳಿಸುವವರೆಗೆ

ಅವಳು ಅಲುಗಿದ್ದಳೋ ಇಲ್ಲವೋ? ಅಲುಗಿದ್ದರೆ ತನ್ನ ತಪ್ಪು ಅರ್ಧ ಕಡಿಮೆಯಾಗುತ್ತದೆ ಎಂದು ಬೆಳಗಾವಿಯಲ್ಲಿ ಗಾಡಿ ಹತ್ತುವಾಗ ದಿಗಂಬರನಿಗೆ ಅನಿಸಿತ್ತು. ದೇಸೂರು ದಾಟುವ ಹೊತ್ತಿಗೆ, ಅಲುಗಿದ್ದರೆ ತಪ್ಪೇ ಇಲ್ಲ ಎಂದು ಅನಿಸತೊಡಗಿತು. ಅಲುಗಿದ ಚಿತ್ರವನ್ನು ಚಿತ್ರ ಎನ್ನುವುದಾದರೂ ಹೇಗೆ? ಮುಖ ಇರಬೇಕಾದಲ್ಲಿ ಕಲಸಿದ ಹಿಟ್ಟಿನಂಥದೊಂದು ಮುದ್ದೆ. ಅಂಥ ಕಾಚನ್ನು, ಚಿತ್ರ ಮೂಡುವ ಗಾಜಿನ ಫಲಕವನ್ನು, ಯಾರು ತೊಳೆದರೂ ಯಾರ ಮನೆಯದೂ ಏನೂ ಹೋಗುವುದಿಲ್ಲ. ಅವನ ತೊಡೆಯ ಮೇಲೆ ಹಳೆಯ ಧೋತರದ ತುಂಡಿನಲ್ಲಿ ಸುತ್ತಿದ ಚೌಕಟ್ಟೊಂದಿತ್ತು. ಗಾಡಿ ಕುಲುಕಿದಾಗಲೆಲ್ಲ ಅದರ ಮೂಲೆ ಹೊಟ್ಟೆಗೆ ಚುಚ್ಚುತ್ತಿತ್ತು. ಎದುರಿಗೆ ಕೂತಿದ್ದ ಮುದುಕ ಮರಾಠಿಯಲ್ಲಿ, ದೇವರ ಪಟವೇ ಎಂದು ಕೇಳಿದ. ದಿಗಂಬರ ಹೌದೆಂದು ತಲೆ ಹಾಕಿದ. ಮುದುಕ ಆ ಗಂಟಿಗೇ ಕೈಮುಗಿದ. ಯಾವ ದೇವರು ಎಂದು ಕೇಳಿದ್ದರೆ ಏನು ಹೇಳಬೇಕಾಗಿತ್ತು ಎಂದು ದಿಗಂಬರ ಬಹಳ ಹೊತ್ತು ಯೋಚಿಸಿದ. ಚೌಕಟ್ಟಿನೊಳಗೆ ಬರಿಯ ಗಾಜು, ಗಾಜಿನ ಹಿಂದೆ ಬರಿಯ ಹಲಗೆ ಇತ್ತು.

ಅವಳು ಬಂದದ್ದು ಹೋದ ಶ್ರಾವಣದಲ್ಲಿ. ಹಸಿರು ಸೀರೆ, ಕೈಯಲ್ಲಿ ಔಷಧದ ಬಾಟಲಿ, ಜೊತೆಗೆ ಒಂಬತ್ತು ವರ್ಷದ ಮಗಳು. ದವಾಖಾನೆಗೆಂದು ಬಂದವಳು, ಗಂಡ ಟಾಂಗಾ ಗೊತ್ತುಮಾಡಲು ಹೋದ ಅರ್ಧ ಗಂಟೆಯಲ್ಲಿ ಸ್ಟುಡಿಯೋದ ಮೆಟ್ಟಿಲು ಹತ್ತಿದ್ದಳು. ಹೆಸರು ಕೇಳಿದರೆ ಮಗಳ ಕಡೆ ನೋಡಿ ನಕ್ಕಳು. ಊರು ಖಾನಾಪುರ ಎಂದಷ್ಟೇ ಹೇಳಿದಳು. ದಿಗಂಬರ ಲಕೋಟೆಯ ಮೇಲೆ ‘ಖಾನಾಪುರ, ಹಸಿರು ಸೀರೆ’ ಎಂದು ಬರೆದುಕೊಂಡ. ಕರಿ ಅರಿವೆಯೊಳಗೆ ತಲೆ ತೂರಿಸಿ ಕ್ಯಾಮೆರಾದ ಬೆನ್ನಿನ ಮಸುಕು ಗಾಜಿನ ಮೇಲೆ ಅವಳನ್ನು ನೋಡಿದ. ಆ ಗಾಜಿನಲ್ಲಿ ಎಲ್ಲರೂ ತಲೆಕೆಳಗಾಗಿಯೇ ಕಾಣುತ್ತಾರೆ: ಮೇಲೆ ಕುರ್ಚಿಯ ಕಾಲು, ಅದರಿಂದ ಜೋತುಬಿದ್ದ ಹಸಿರು ನಿರಿಗೆ, ಕೊನೆಗೆ ಕೆಳಗೆಲ್ಲೋ ಒಂದು ಹಣೆ. ಹದಿನಾಲ್ಕು ವರ್ಷಗಳಿಂದ ಅವನು ಜನರನ್ನು ನೋಡುತ್ತ ಬಂದದ್ದು ಹೀಗೆಯೇ. ಹೊರಗೆ ಬಂದು ಅವರನ್ನು ನೆಟ್ಟಗೆ ನೋಡುವ ಹೊತ್ತಿಗೆ ನಾಚಿಕೆ ಬಂದುಬಿಡುತ್ತಿತ್ತು, ಹೆಂಗಸರಾದರಂತೂ ಕಣ್ಣು ಗೋಡೆಯ ಮೇಲೆ. “ನಾ ನಾಕು ಎಣಸೂತನಕಾ ಅಲುಗಬ್ಯಾಡ್ರಿ” ಎಂದು ಗೋಡೆಗೆ ಹೇಳಿದಂತೆ ಹೇಳಿ ಮುಚ್ಚಳ ತೆಗೆದ. ಮೂರು ಎಂದಾಗ ಬಾಗಿಲ ಹತ್ತಿರ ನಿಂತಿದ್ದ ಹುಡುಗಿ “ಅವ್ವಾ” ಎಂದು ಕರೆದಳು. ಅಷ್ಟು ಖರೆ. ಅವನು ಸಿಟ್ಟಿನಿಂದ ಹುಡುಗಿಯತ್ತ ತಿರುಗಿದ್ದೂ ಖರೆ. ತಿರುಗಿದ್ದರಿಂದ ತಾಯಿಯನ್ನು ನೋಡಲಿಲ್ಲ. ಸಂಜೆ ಕತ್ತಲೆಕೋಣೆಯಲ್ಲಿ ಕಾಚನ್ನು ಮದ್ದಿನಲ್ಲಿ ಅದ್ದಿ ಚಿತ್ರ ಮೂಡಿಸಿ, ಬೆಳಕಿಗೆ ಹಿಡಿದಾಗ ಏನು ಕಂಡಿತು? ಇಲ್ಲಿಗೆ ಬಂದಾಗಲೆಲ್ಲ ಅವನ ಮನಸ್ಸು ಗೂಟ ಕಂಡ ದನದಂತೆ ಪಕ್ಕಕ್ಕೆ ಹೊರಳುತ್ತಿತ್ತು.

ಬರುತ್ತೇನೆ ಎಂದವಳು ಪ್ರತಿ ಒಯ್ಯಲು ಬರಲಿಲ್ಲ. ಯಾರೂ ಒಯ್ಯದ ಕಾಚುಗಳನ್ನು ಒಂದು ವರ್ಷ ಇಡಬೇಕೆಂಬುದು ಸ್ಟುಡಿಯೋದ ಕಟ್ಟಳೆ. ವರ್ಷ ತುಂಬಿದ ಮೇಲೆ ಬಿಸಿ ಸೋಡಾ ನೀರಿನಲ್ಲಿ ಮುಳುಗಿಸಿದರೆ ಮೇಲಿನ ಪೊರೆ ಹಾಲಿನ ಕೆನೆಯಂತೆ ಎದ್ದು ಬರುತ್ತದೆ. ಬೆರಳಿನಿಂದ ಎಳೆದರೆ ಮುಖ, ಸೀರೆ, ಕುರ್ಚಿ ಎಲ್ಲ ಒಂದೇ ಪದರಾಗಿ ಕೈಗೆ ಸುತ್ತಿಕೊಳ್ಳುತ್ತದೆ. ಉಳಿದ ಗಾಜು ಪಟಗಳಿಗೆ ಮುಚ್ಚಲು ಬರುತ್ತದೆ. ಡಿಸೆಂಬರಿನಲ್ಲಿ ಬೆಳಗಾವಿಯಲ್ಲಿ ಕಾಂಗ್ರೆಸ್ ಅಧಿವೇಶನ ಕೂಡಿ, ಊರಿಗೆ ಊರೇ ಮುಖಂಡರ ಚಿತ್ರಗಳಿಗೆ ಚೌಕಟ್ಟು ಹಾಕಿಸಲು ಸಾಲುಗಟ್ಟಿ ನಿಂತಾಗ ಪೇಟೆಯಲ್ಲಿ ಗಾಜು ಸಿಗದಾಯಿತು. ದಿಗಂಬರ ಆ ವಾರ ನಲವತ್ತು ಕಾಚು ತೊಳೆದ. ಅವುಗಳಲ್ಲಿ ಮೂವತ್ತೊಂಬತ್ತಕ್ಕೆ ವರ್ಷ ತುಂಬಿತ್ತು.

ಅವಳು ಕಾಶವ್ವ ಎಂದು ಅವನಿಗೆ ಗೊತ್ತಾದದ್ದು ಹೋದ ವಾರ. ಖಾನಾಪುರದ ಪೇಟೆಯಲ್ಲಿ ಅರಿವೆ ಅಂಗಡಿ ಇಟ್ಟಿದ್ದ ಚನ್ನಬಸಯ್ಯ ಎಂಬವನು ಸ್ಟುಡಿಯೋದ ಬಾಗಿಲಲ್ಲಿ ಚಪ್ಪಲಿ ಕಳಚಿ, ಒಳಗೆ ಬರಲೋ ಬೇಡವೋ ಎಂಬಂತೆ ನಿಂತಿದ್ದ. “ಹಸಿರು ಸೀರಿ ಉಟ್ಟಿದ್ಲಂತ್ರಿ. ನನಗೂ ಹೇಳದ ತಗಿಸ್ಯಾಳ. ಸಂಕ್ರಾಂತಿ ಮುಂದ ತೀರಿಕೊಂಡ್ಲು. ಮಗಳು ಹೋದ ತಿಂಗಳ ಬಾಯಿ ಬಿಟ್ಲು ನೋಡ್ರಿ.” ಆಮೇಲೆ ತುಸು ತಡೆದು, ತನ್ನದೇ ತಪ್ಪೆಂಬಂತೆ ಹೇಳಿದ: “ಸಣ್ಣಾಂವ ಮರೀಲಿಕತ್ತಾನ್ರಿ. ಐದು ವರ್ಷದಾಂವ. ಅಕ್ಕ ದಿನಾ ಹೇಳ್ತಾಳ, ಅವ್ವ ಬೆಳಗಾಂವ್ಯಾಗ ಕಾಚಿನ್ಯಾಗ ಅದಾಳ, ಅಪ್ಪ ತರತಾನ ಅಂತ. ಅಂವ ದಿನಾ ಅಂಗಡಿ ಕಟ್ಟಿ ಮ್ಯಾಲೆ ಕುಂದರತಾನ.” ಆಗಲೇ ಹೇಳಬಹುದಿತ್ತು. ಹೇಳಲು ಬಾಯಿ ತೆರೆದದ್ದೂ ನೆನಪಿದೆ. ಆದರೆ ಹೊರಗೆ ಬಂದ ಮಾತು, “ಹುಡುಕತೀನ್ರಿ. ಬ್ಯಾಸ್ತವಾರ ನಾನ ಖಾನಾಪುರಕ್ಕ ಬರ್ತೀನಿ” ಎಂದಾಗಿತ್ತು. ಚನ್ನಬಸಯ್ಯ ಎರಡೂ ಕೈಯಿಂದ ಅವನ ಕೈ ಹಿಡಿದುಕೊಂಡ. ಅರಿವೆ ಅಳೆದು ಅಳೆದು ನುಣುಪಾದ ಕೈ.

ಸ್ಟುಡಿಯೋದ ಮಾಲಕ ಬಾಳಕೃಷ್ಣಪಂತ ದಿಗಂಬರನ ಅಕ್ಕನ ಗಂಡ. ಗಿರಾಕಿ ಮೆಟ್ಟಿಲಿಳಿದ ಮೇಲೆ ಅವನು ಒಳಗಿನಿಂದಲೇ ನಕ್ಕ. “ಎಲ್ಲಿ ಹುಡುಕ್ತೀಯೋ ದಿಗ್ಯಾ? ಅಷ್ಟ ವಯಸ್ಸಿನ ಯಾವುದಾರ ಹೆಣ್ಮಗಳ ಕಾಚು ತಗಿ. ಮೂಗು ತಿದ್ದು, ಹಣಿಗೆ ಮೂರು ಗೆರಿ ಇಬತ್ತಿ ಎಳಿ. ಆತಲ್ಲ ಲಿಂಗಾಯತರ ಮನೀ ಅವ್ವ.”

“ಗುರ್ತು ಹಿಡೀತಾರ ಭಾವಾ.”

“ಯಾರು ಹಿಡೀತಾರ? ಮೂರು ತಿಂಗಳಾದಮ್ಯಾಲೆ ಸತ್ತವರ ಮುಖ ಯಾರಿಗೆ ನೆನಪಿರತದ? ಗ್ವಾಡಿಗೆ ಒಂದು ಮುಖ ಬೇಕಾಗಿರತದ, ಅಷ್ಟ. ನಾವು ಕೊಟ್ಟದ್ದ ನೆನಪಾಗತದ.”

ಭಾವ ತಮಾಷೆಗೆ ಆಡಿದ ಮಾತು ನಿಜವೆಂದು ದಿಗಂಬರನಿಗೆ ಗೊತ್ತಿತ್ತು. ಪ್ಲೇಗು ಬಂದ ವರ್ಷ, ಊರು ಬಿಟ್ಟು ಹೊಲಗಳಲ್ಲಿ ಗುಡಿಸಲು ಕಟ್ಟಿಕೊಂಡಿದ್ದಾಗ, ಅವನ ತಾಯಿ ಸತ್ತಳು. ಆಗ ಅವನಿಗೆ ಆರು. ಅಳುತ್ತಿದ್ದ ಅವನಿಗೆ ಯಾರೋ ಪುಣೆಯ ಮಾವಶಿಯ, ತಾಯಿಯ ತಂಗಿಯ, ಫೋಟೋ ತಂದು ಕೈಗಿಟ್ಟು, “ಹಿಂಗ ಇದ್ಲಪ್ಪಾ ನಿಮ್ಮವ್ವ, ಥೇಟ್ ಹಿಂಗ” ಎಂದಿದ್ದರು. ಅವನು ಸುಮ್ಮನಾದ. ಆವತ್ತಿನಿಂದ ತಾಯಿಯನ್ನು ನೆನೆದರೆ ಬರುವವಳು ಮಾವಶಿ. ಗುಡಿಸಲಿನ ಹೊಗೆಯಲ್ಲಿ ಅವನಿಗೆ ಗಂಜಿ ಕುಡಿಸುವವಳು ಮಾವಶಿ, ಜ್ವರದಲ್ಲಿ ನರಳುವವಳು ಮಾವಶಿ. ಆ ಮಾವಶಿಯಂತೂ ಪುಣೆಯಲ್ಲಿ ಗಟ್ಟಿಮುಟ್ಟಾಗಿ ಬದುಕಿದ್ದಳು, ಹಬ್ಬಕ್ಕೆ ಉಂಡೆ ಕಳಿಸುತ್ತಿದ್ದಳು. ಅವಳು ಬಂದಾಗ ಅವನು ಎದುರಿಗೆ ಹೋಗುತ್ತಿರಲಿಲ್ಲ. ಅಹಂಕಾರ ಎಂದು ಮನೆಯವರು ಬೈಯುತ್ತಿದ್ದರು. ಹಾಗಾಗಿ ಭಾವನ ಕಪಾಟಿನಿಂದ ಯಾವ ಹೆಂಗಸಿನ ಕಾಚನ್ನೂ ತೆಗೆಯುವುದು ಅವನಿಂದಾಗಲಿಲ್ಲ. ತೊಳೆದ ಗಾಜುಗಳಲ್ಲಿ ಉಳಿದ ಹನ್ನೊಂದನ್ನು ಬಿಸಿಲಿಗೆ ಒಂದೊಂದಾಗಿ ಹಿಡಿದು ನೋಡಿದ. ಎಲ್ಲವೂ ಒಂದೇ ತೆರ. ಅವುಗಳಲ್ಲಿ ಒಂದು ಅವಳದಿರಬಹುದು, ಅಥವಾ ಅವಳ ಗಾಜು ಯಾರದೋ ಮನೆಯಲ್ಲಿ ಯಾವುದೋ ಮುಖಂಡನ ಮೀಸೆಯ ಮೇಲೆ ಕೂತಿರಬಹುದು. ಒಂದನ್ನು ಆರಿಸಿ ಚೌಕಟ್ಟು ಹಾಕಿದ. ಯಾಕೆ ಹಾಕಿದ, ಖಾನಾಪುರಕ್ಕೆ ಹೋಗಿ ಏನು ಮಾಡುವವನು, ಅವನಿಗೆ ತಿಳಿಯಲಿಲ್ಲ. ಚೀಲದಲ್ಲಿ ಕಾಗದ, ಇದ್ದಿಲ ಕಡ್ಡಿ, ರಬ್ಬರು ತುಂಬಿಕೊಂಡದ್ದೂ ಹೊರಡುವ ಗಳಿಗೆಯಲ್ಲಿ.

ನಿಲ್ದಾಣದಿಂದ ಪೇಟೆಗೆ ನಡೆಯುವಾಗ ಹೊಳೆಯ ಕಡೆಯಿಂದ ಒದ್ದೆ ಗಾಳಿ ಬರುತ್ತಿತ್ತು. ಅಂಗಡಿ ಕಟ್ಟೆಯ ಮೇಲೆ ಹುಡುಗ ಕೂತಿದ್ದ. ದೂರದಿಂದಲೇ ಚೌಕಟ್ಟು ಕಂಡು ಎದ್ದು ನಿಂತ. ಓಡಿ ಬರಲಿಲ್ಲ, ಕೂಗಲಿಲ್ಲ, ಒಳಗೆ ಹೋಗಿ ಬಾಗಿಲ ಮರೆಯಲ್ಲಿ ನಿಂತ. ಚನ್ನಬಸಯ್ಯ ಗಿರಾಕಿಯನ್ನು ಅರ್ಧಕ್ಕೇ ಬಿಟ್ಟು ಗಜದ ಕೋಲು ಹಿಡಿದೇ ಎದ್ದು ಬಂದ. “ಬರ್ರಿ ಪಂತರ, ಬರ್ರಿ. ಒಳಗ ಬರ್ರಿ, ಕುಂದರ್ರಿ.” ಅಂಗಡಿಯ ಹಿಂದೆಯೇ ಮನೆ. ಪಡಸಾಲೆಯಲ್ಲಿ ಚನ್ನಬಸಯ್ಯನ ತಾಯಿ ಅಕ್ಕವ್ವ ಅಕ್ಕಿ ಹಸನು ಮಾಡುತ್ತಿದ್ದಳು. ಮೊರದಿಂದ ತಲೆಯೆತ್ತದೆಯೇ ಕೇಳಿದಳು:

“ನೀವ ಏನು, ನನ್ನ ಸೊಸೀ ಆಯುಷ್ಯಾ ಪೆಟಗಿಯೊಳಗ ಹಾಕ್ಕೊಂಡಾವರು?”

“ಯವ್ವಾ, ಸುಮ್ಮನಿರ.”

“ಯಾಕ ಸುಮ್ಮನಿರಲಿ? ಶ್ರಾವಣದಾಗ ಪಟಾ ತಗಿಸಿದ್ಲು, ಸಂಕ್ರಾಂತಿಗೆ ಹೋದ್ಲು. ನಮ್ಮ ಕಾಲದಾಗ ಯಾರ ತಗಿಸಿದ್ರು? ಈ ಹುಡುಗಿ ಜೋಡಿ ಇದ್ಲಲ್ಲ, ಒಂದ ಮಾತು ಬ್ಯಾಡ ಅಂದಾಳೇನು? ಬಾಯಾಗ ಏನು ಬೆಲ್ಲಾ ಹಾಕ್ಕೊಂಡಿದ್ಲೇನು?” ಮುದುಕಿ ಮೊರವನ್ನು ಜೋರಾಗಿ ಕೇರಿದಳು. ಆಮೇಲೆ ಅದೇ ದನಿಯಲ್ಲಿ, “ನಮ್ಮ ಮನ್ಯಾಗ ನೀವು ಉಣ್ಣಂಗಿಲ್ಲ, ಹೌದಿಲ್ಲೋ? ಹಾಲು ನಡೀತೈತೇನು?”

“ನಡೀತದ್ರಿ” ಎಂದ ದಿಗಂಬರ. ಉಣ್ಣುವುದಕ್ಕೂ ನಡೆಯುತ್ತದೆ ಎನ್ನಬೇಕೆಂದಿದ್ದವನು ಅಷ್ಟಕ್ಕೇ ನಿಲ್ಲಿಸಿದ್ದಕ್ಕೆ ಮುಖ ಬಿಸಿಯಾಯಿತು.

ಆ ಹುಡುಗಿ ಸಾವಂತ್ರವ್ವ. ಆಯಿ ಎಂದು ಕರೆಯುವ ಅಜ್ಜಿಯ ಮಾತು ತನ್ನ ಬಗ್ಗೆಯೇ ಎಂಬುದು ಅವಳಿಗೆ ಎಷ್ಟೋ ದಿನದಿಂದ ರೂಢಿಯಾದಂತೆ ಕಂಡಿತು; ಕಂಬಕ್ಕೆ ಒರಗಿ ತಮ್ಮನ ತೋಳು ಹಿಡಿದು ನಿಂತಿದ್ದಳು. ಅವಳ ಗಲ್ಲ, ಹಣೆ ನೋಡಿದರೆ ತಾಯಿಯದು ಹೊಳೆದೀತೇ ಎಂದು ದಿಗಂಬರ ನೋಡಿದ. ತಲೆಕೆಳಗಾಗಿ ಜೋತುಬಿದ್ದ ಹಸಿರು ನಿರಿಗೆಯೊಂದೇ ಹೊಳೆಯಿತು.

“ಬಾಳ್ಯಾ, ಮಾಸ್ತರ ಮುಂದ ಹೇಳು” ಎಂದಳು ಅವಳು. “ಅವ್ವನ ಮಗ್ಗಿ ಹೇಳು.”

ಹುಡುಗ ಸಾಲೆಯಲ್ಲಿ ನಿಂತವನಂತೆ ಕೈಕಟ್ಟಿ, ಕಣ್ಣು ಮುಚ್ಚಿ, ರಾಗವಾಗಿ ಶುರುಮಾಡಿದ. “ಅವ್ವನ ಹಣಿಗೆ ಇಬತ್ತಿ ಮೂರು ಗೆರಿ. ಅವ್ವನ ಮೂಗಿಗೆ ನತ್ತು ಒಂದು. ಅವ್ವನ ಗದ್ದಕ್ಕ ಹಚ್ಚಿ ಚುಕ್ಕಿ ಮೂರು. ಅವ್ವನ ಬಲಗೈಗೆ ಸುಟ್ಟ ಕಲಿ ಒಂದು. ಅವ್ವ ನನ್ನ ಬಾಳೂ ಅಂತಿದ್ಲು. ಅವ್ವ ನಕ್ಕರ… ಅವ್ವ ನಕ್ಕರ…”

“ನಕ್ಕರ?”

ಹುಡುಗ ಒಂದು ಕಣ್ಣು ತೆರೆದು ಅಕ್ಕನನ್ನು ನೋಡಿದ. ಅವಳು ಅವನ ತೋಳು ಚಿವುಟಿದಳು. “ಎಡಕ್ಕ ಗಲ್ಲದಾಗ ಕುಳಿ! ದಿನಾ ಹೇಳ್ತೇನಿ, ದಿನಾ ಮರೀತಿ. ನೀ ಮರತೆಂದ್ರ ಅವ್ವ ಎಲ್ಲಿರಬೇಕೋ?”

ಹುಡುಗ ಅಳಲಿಲ್ಲ. ಚಿವುಟಿದ ಜಾಗ ಉಜ್ಜಿಕೊಳ್ಳುತ್ತ, “ಎಡಕ್ಕ ಗಲ್ಲದಾಗ ಕುಳಿ” ಎಂದ. “ಎರಡ ದಿನ ಉಪಾಸ ಕುಂತಿದ್ದನ್ರಿ” ಎಂದು ಚನ್ನಬಸಯ್ಯ ಮೆಲ್ಲಗೆ ಹೇಳಿದ. “ಅವನ ಅವ್ವ ಹೊಚಗೊಳ್ಳೂ ಕೌದಿ ನಮ್ಮವ್ವ ಒಗದ್ಲಂತ. ವಾಸನಿ ಹೋತು, ವಾಸನಿ ಹೋತು ಅಂತ.” “ಹೊಲಸಾಗಿತ್ತು, ಒಗದೆ” ಎಂದಳು ಅಕ್ಕವ್ವ. “ಒಗೀಬಾರದು ಅಂತ ನನಗೇನ ಗೊತ್ತು?” ಅವಳ ಕೈ ಮೊರದ ಮೇಲೆ ನಿಂತಿತ್ತು. ಕೌದಿ ಒಗೆದ ಆ ಕೈಯನ್ನು ದಿಗಂಬರ ನೋಡಿದ. ತನ್ನ ಕೈಗಳನ್ನು ಚೀಲದ ಕೆಳಗೆ ಸರಿಸಿಕೊಂಡ. ಅವಳು ಹೇಳಿಬಿಟ್ಟಿದ್ದಳು. ಎಷ್ಟು ಸಲೀಸಾಗಿ! ಒಗದೆ. ಒಂದಕ್ಷರ ಹೆಚ್ಚಿಲ್ಲ.

“ಈಗ ಅವ್ವನ ತಗೀರಿ” ಎಂದಳು ಸಾವಂತ್ರವ್ವ.

ಅವನು ಧೋತರದ ಗಂಟು ಬಿಚ್ಚಿದ. ಹುಡುಗ ಬಾಳಯ್ಯ ಮೊಣಕಾಲೂರಿ ಬಗ್ಗಿ ಬಹಳ ಹೊತ್ತು ಗಾಜಿನೊಳಗೆ ನೋಡಿದ. “ಇದ್ರಾಗ ನಾನ ಅದೇನಿ” ಎಂದ. ಎಲ್ಲರೂ ದಿಗಂಬರನ ಮುಖ ನೋಡುತ್ತಿದ್ದರು. ತೊಳೆದೆ ಎಂಬ ಮಾತು ನಾಲಗೆಯ ತುದಿಗೆ ಬಂದಿತ್ತು, ಅದರ ಉಪ್ಪು ಕೂಡ ಗೊತ್ತಾಗುತ್ತಿತ್ತು. ಅಷ್ಟರಲ್ಲಿ ಅಕ್ಕವ್ವ, “ಪಟಾ ತೋರಸ್ರಿ, ಯಾವುದು ಅಕೀನ ತಗೊಂಡು ಹೋತೋ ನೋಡೂಣು” ಎಂದಳು, ಹುಡುಗಿಯ ಭುಜ ಒಂದಿಷ್ಟು ಕುಗ್ಗಿತು, ದಿಗಂಬರ ಹೇಳಿದ: “ಪಟ ಬರಲೇ ಇಲ್ರಿ ಅಮ್ಮಾ. ಎಣಸೂಮುಂದ ಅವರು ಅಲುಗಿದ್ರು. ಅಲುಗಿದ್ರ ಕಾಚಿನ ಮ್ಯಾಲೆ ಏನೂ ಮೂಡೂದಿಲ್ಲ.”

ಮೊರ ನೆಲಕ್ಕಿಳಿಯಿತು. “ಮೂಡಲೇ ಇಲ್ಲ?”

“ಇಲ್ಲ.”

“ಹಂಗಾರ ಪಟಾ ಆಗೇ ಇಲ್ಲ.” ಮುದುಕಿ ಮೊಮ್ಮಗಳ ಕಡೆ ನೋಡಿದಳು. ಎಷ್ಟೋ ದಿನಗಳಲ್ಲಿ ಮೊದಲ ಸಲ ನೋಡಿದಂತಿತ್ತು ಆ ನೋಟ. “ಬಾ ಇಲ್ಲೆ” ಎಂದು ಕರೆದು, ಅವಳ ಬಿಚ್ಚಿದ ಜಡೆಯನ್ನು ಸುಮ್ಮನೆ ಕಟ್ಟತೊಡಗಿದಳು. ಚನ್ನಬಸಯ್ಯ ಗಜದ ಕೋಲನ್ನು ಗೋಡೆಗೆ ಆನಿಸಿ, ಆನಿಸಿದ್ದು ಜಾರಿದಾಗ ಮತ್ತೆ ಆನಿಸಿದ. ದಿಗಂಬರನಿಗೆ ಒಂದು ಕ್ಷಣ ಎದೆ ಹಗುರಾಯಿತು. ಸುಳ್ಳು ಹೇಳಿದ್ದು ತನ್ನ ಸಲುವಾಗಿಯೋ ಹುಡುಗಿಯ ಸಲುವಾಗಿಯೋ? ಹುಡುಗಿಯ ಸಲುವಾಗಿಯೇ. ಕಣ್ಣೆದುರಿಗೆ ಅವಳ ಮೇಲಿನ ಅಪವಾದ ಇಳಿಯುತ್ತಿತ್ತಲ್ಲ. ಹಾಗಿದ್ದರೆ ಗಾಡಿಯಲ್ಲಿ ಬೆಳಗಿನಿಂದ ಇದೇ ಮಾತನ್ನು ತಾನು ಮಸೆಯುತ್ತಿದ್ದುದು ಯಾಕೆ? ಆಯಿಯ ಕೈಯಲ್ಲಿ ಜಡೆ ಕೊಟ್ಟು ಕೂತಿದ್ದ ಸಾವಂತ್ರವ್ವನ ಕಣ್ಣುಗಳು ಮಾತ್ರ ನೆಲದ ಒಂದು ಕಡೆ ನಟ್ಟಿದ್ದವು, ಅಲ್ಲೇನೋ ಎಣಿಸುತ್ತಿದ್ದಂತೆ.

“ನೀವು ಹೇಳ್ರಿ, ನಾ ಕೈಲೇ ತಗೀತೀನಿ” ಎಂದು ಅವನು ಕಾಗದ ಬಿಡಿಸಿದ. ಹುಡುಗಿ ಹೇಳಿದಳು. ಹಣೆ ಅಗಲ, ಹುಬ್ಬು ಕೂಡಿಕೊಂಡಿಲ್ಲ, ತುಟಿ ಕೆಳಗಿನದು ಒಂದಿಷ್ಟು ದಪ್ಪ. ಇದ್ದಿಲ ಕಡ್ಡಿ ತಾನಾಗಿಯೇ ಓಡಿತು. ಓಡಿದಂತೆ ಅವನಿಗೆ ಹಿತವಾಯಿತು, ಇಷ್ಟು ಸುಲಭವೇ ಎನಿಸಿತು. ಮುಗಿಸಿ ದೂರ ಹಿಡಿದು ನೋಡಿದರೆ ಕಾಗದದ ಮೇಲೆ ಪುಣೆಯ ಮಾವಶಿ ನಗುತ್ತಿದ್ದಳು. ಗದ್ದಕ್ಕೆ ಮೂರು ಹಚ್ಚೆ ಚುಕ್ಕಿ, ಹಣೆಗೆ ವಿಭೂತಿ. ಅವನ ಕೈಗೆ ಬರುವ ತಾಯಿ ಒಬ್ಬಳೇ. ಸಾವಂತ್ರವ್ವ ಕಾಗದವನ್ನು ತಿರುಗಿಸಿ ಮುರುಗಿಸಿ ನೋಡಿದಳು. “ಇದು ಅವ್ವ ಅಲ್ಲ” ಎಂದಳು. ಆಮೇಲೆ, “ಚುಕ್ಕಿ ಅವ್ವನವ ಅದಾವ.” ಇನ್ನೂ ಒಂದಿಷ್ಟು ನೋಡಿ, ದನಿ ತಗ್ಗಿಸಿ, “ಹಿಂಗ ಇದ್ಲೇನೋ. ಹೌದು, ಹಿಂಗ ಇದ್ದಂಗಿದ್ಲು” ಎಂದಳು.

ದಿಗಂಬರ ಕಾಗದವನ್ನು ಕಸಿದುಕೊಂಡಂತೆ ತೆಗೆದುಕೊಂಡ. “ಅಲ್ಲ. ಇದು ಯಾರೂ ಅಲ್ಲ” ಎಂದು ಅವಳೆದುರಿಗೇ ಅದನ್ನು ನಾಲ್ಕಾಗಿ ಹರಿದ. ಹುಡುಗಿ ಹೆದರಿ ಹಿಂದೆ ಸರಿದಳು. ಕೈಗೆ ಹತ್ತಿದ ಮಸಿಯನ್ನು ಧೋತರಕ್ಕೆ ಒರಸಿಕೊಳ್ಳುತ್ತ, ಎದ್ದು ಹೋಗಿಬಿಡಬೇಕು, ಮಧ್ಯಾಹ್ನದ ಗಾಡಿ ಹಿಡಿಯಬೇಕು ಎಂದುಕೊಂಡ. ಯಾರಾದರೂ ಹೋಗು ಎಂದಿದ್ದರೆ ಹೋಗುತ್ತಿದ್ದ. ಚನ್ನಬಸಯ್ಯ ಮಾತ್ರ ಒಳಗಿನಿಂದ ಬಿಸಿಹಾಲು ತಂದು ಎದುರಿಗಿಟ್ಟು, “ಆರತಾವು, ಕುಡೀರಿ” ಎಂದ. ತಾಯಿಯ ಮುಖ ಬರೆಯಲಾರದ ಕಸಬಿನವನೊಬ್ಬನಿಗೆ ಇಷ್ಟು ಸಕ್ಕರೆ ಯಾಕೆ ಹಾಕಿದ್ದಾನೆ ಎಂದುಕೊಂಡು ದಿಗಂಬರ ಕುಡಿದ.

ಹಾಲಿನ ಬಟ್ಟಲು ಒಯ್ಯಲು ಬಂದವನು ಬಾಳಯ್ಯ. ಅಕ್ಕ ಹಿತ್ತಲಿಗೆ ಹೋಗಿದ್ದಳು. “ನೀ ಹೇಳು” ಎಂದ ದಿಗಂಬರ, “ಮಗ್ಗಿ ಬ್ಯಾಡ. ನಿನಗ ಖರೇ ಕಾಣಸೂದು ಹೇಳು.” ಹುಡುಗ ಹಿತ್ತಲ ಬಾಗಿಲು ನೋಡಿ, ಪಿಸುಗುಟ್ಟಿದ: “ಸಿಟ್ಟಿಗೇಳಬಾರದು.” “ಇಲ್ಲ.” “ಅವ್ವನ ಮುಖಾ ಕಾಣಂಗಿಲ್ಲ.”

“ಮತ್ತೇನ ಕಾಣತದ?”

ಹುಡುಗ ಕಾಲು ಮಡಿಸಿ ಕೂತು, ಎಡ ಅಂಗೈಯನ್ನು ಬಟ್ಟಲಿನಂತೆ ಮಾಡಿ ತನ್ನ ಕಣ್ಣಿನ ಮಟ್ಟಕ್ಕೆ ಎತ್ತಿ ಹಿಡಿದ. ಕೈಯ ಹಿಂದೆ ಅವನ ಸಣ್ಣ ಮುಖ ಪೂರ್ತಿ ಮರೆಯಾಯಿತು. “ಹಿಂಗ” ಎಂದಿತು ಕೈಯ ಹಿಂದಿನ ದನಿ. “ಮುಂಜಾನೆ ಲಿಂಗಪೂಜಿಗೆ ಕುಂತಾಗ. ನಾ ಎದರಿಗೆ ಕುಂದರ್ತಿದ್ದೆ. ಕೈ ಇರತಿತ್ತು, ಮುಖಾ ಇರತಿದ್ದಿಲ್ಲ. ಪೂಜಿ ಮುಗದಮ್ಯಾಲೆ ಕೈ ಇಳಿಸಿ ಬಾಳೂ ಅಂತಿದ್ಲು.” ಹುಡುಗ ಕೈ ಇಳಿಸಿದ. ಏನೋ ಸರಿಪಡಿಸಬೇಕಾದ್ದು ಇನ್ನೂ ಉಳಿದಿದೆ ಎಂಬಂತೆ, “ಮಣ್ಣಿಗೆ ಇಡೂಮುಂದೂ ಕೈಯಾಗ ಲಿಂಗ ಇತ್ತು. ಆದರ ಅವತ್ತು ಕೈ ಕೆಳಗಿತ್ತು, ಕಣ್ಣ ಮುಚ್ಚಿದ್ದು. ಅದನ್ನ ನಾ ನೋಡಿಲ್ಲ. ನೋಡೇನಿ. ಆದ್ರ ನೋಡಿಲ್ಲ” ಎಂದ.

ದಿಗಂಬರ ಹೊಸ ಕಾಗದ ತೆಗೆದ. ಈ ಸಲ ಇದ್ದಿಲ ಕಡ್ಡಿ ಓಡಲಿಲ್ಲ. ಮಡಿಸಿದ ಮೊಣಕಾಲು, ಸೆರಗು ಹೊದ್ದ ತಲೆ, ಎತ್ತಿ ಹಿಡಿದ ಅಂಗೈ, ಅಂಗೈಯಲ್ಲಿ ಲಿಂಗ. ಹುಡುಗ ಅವನ ಮೊಣಕೈಗೆ ಗದ್ದ ಊರಿ ನೋಡುತ್ತಿದ್ದವನು ಒಮ್ಮೆಲೇ ಚೀರಿದ: “ಎಡಗೈ! ಎಡಗೈಯಾಗ ಹಿಡೀತಾರ!” ಹಿತ್ತಲಿನಿಂದ ಸಾವಂತ್ರವ್ವ ಓಡಿ ಬಂದಳು. ಅಕ್ಕವ್ವ ಬಗ್ಗಿ ನೋಡಿ, “ಅಯ್ಯ, ಬಲಗೈಯಾಗ ಲಿಂಗಾ ಕೊಟ್ಟೀರಲ್ಲೋ ಭಟ್ಟರ! ಇಬತ್ತಿ ಏನು ಕಾಲಿಲೆ ಹಚ್ಚಬೇಕೇನು ಅಕೀ?” ಎಂದಳು. ಸಾವಂತ್ರವ್ವನಿಗೆ ನಗು ಬಂತು. ಬಾಳಯ್ಯನಿಗೂ ಬಂತು. ಆ ಮನೆಯಲ್ಲಿ ಬಹಳ ದಿನದಿಂದ ಯಾರೂ ನಕ್ಕಿರಲಿಲ್ಲವೇನೋ, ಚನ್ನಬಸಯ್ಯ ಅಂಗಡಿಯಿಂದ ಇಣುಕಿ ನೋಡಿದ. ದಿಗಂಬರ ಬಲಗೈಯನ್ನು ರಬ್ಬರಿನಿಂದ ತಿಕ್ಕಿ ತೆಗೆದು ಎಡಗೈ ಬರೆದ. ತಿಕ್ಕಿದ ಜಾಗದಲ್ಲಿ ಮೊದಲಿನ ಕೈಯ ನೆರಳು ಹೊಗೆಯಂತೆ ಉಳಿಯಿತು. ಆಮೇಲೆ ಮಕ್ಕಳಿಬ್ಬರೂ ಒಬ್ಬರ ಮಾತಿನಲ್ಲಿ ಒಬ್ಬರು ತೂರಿ ಹೇಳತೊಡಗಿದರು. ಸೆರಗಿನ ಮೂಲೆ ಹರಿದು ಹೊಲಿದದ್ದು. ಕೂತಾಗ ಎಡ ಹೆಬ್ಬೆರಳು ಮೇಲೆ ಏಳುತ್ತಿದ್ದದ್ದು. “ಕೆಮ್ಮು ಬಂದ್ರ ಕೈ ಅಲಗತಿದ್ದಿಲ್ಲ, ಬರೇ ಬಳಿ ಅಲಗತಿದ್ದುವು” ಎಂದ ಬಾಳಯ್ಯ. ಇದು ಮಗ್ಗಿಯಲ್ಲಿ ಇರಲಿಲ್ಲ. ಸಾವಂತ್ರವ್ವ ತಮ್ಮನ ಮುಖವನ್ನೇ ನೋಡಿದಳು. “ಹೌದಲಾ” ಎಂದಳು.

ಚೌಕಟ್ಟಿನ ಹಲಗೆ ಬಿಚ್ಚಿ, ಗಾಜಿನ ಹಿಂದೆ ಚಿತ್ರ ಇಟ್ಟು ಮೊಳೆ ಬಡಿಯುವಾಗ, ಈ ಗಾಜು ಅವಳದೇ ಆಗಿರಬಹುದು ಎಂಬುದು ಅವನಿಗೆ ಮತ್ತೆ ಹೊಳೆಯಿತು. ಆಗಿದ್ದರೆ ಅವಳು ಎರಡು ಸಲ ಇಲ್ಲಿದ್ದಾಳೆ. ಆಗಿರದಿದ್ದರೆ ಅವಳ ಕೈಯ ಮೇಲೆ ಇನ್ಯಾವುದೋ ಹೆಂಗಸಿದ್ದಾಳೆ. ಶ್ರಾವಣದಲ್ಲಿ ಮೆಟ್ಟಿಲಿಳಿಯುವ ಮೊದಲು ಅವಳು ಕೇಳಿದ್ದಳು: “ಇದು ಎಷ್ಟ ವರ್ಷ ಇರತೈತ್ರಿ?” ಎಲ್ಲರಿಗೂ ಹೇಳುವುದನ್ನೇ ಅವನು ಹೇಳಿದ್ದ: “ಕಾಗದ ಹೋದ್ರೂ ಕಾಚು ಇರತದ್ರಿ. ನಿಮ್ಮ ಮೊಮ್ಮಕ್ಕಳು ನೋಡ್ತಾರ.” ಅವಳು ನಗಲಿಲ್ಲ. ಮಗಳಿಗೆ “ಆಯಿಗೆ ಹೇಳಬ್ಯಾಡ” ಎಂದು ಔಷಧದ ಬಾಟಲಿಯನ್ನು ಸೆರಗಿನಲ್ಲಿ ಮುಚ್ಚಿಕೊಂಡಿದ್ದಳು.

ಪಡಸಾಲೆಯ ಗೋಡೆಗೆ, ಹುಡುಗನ ಕಣ್ಣಿಗೆ ಎಟಕುವಂತೆ ತಗ್ಗಿನಲ್ಲಿ ತೂಗುಹಾಕಿದರು. ಚನ್ನಬಸಯ್ಯ ಒಂದು ಸಲ ನೋಡಿದ. “ಅಂಗಡ್ಯಾಗ ಗಿರಾಕಿ ಬಂದ್ರು” ಎಂದು ಹೊರಗೆ ಹೋದ, ಅಲ್ಲಿ ಯಾರೂ ಬಂದಿರಲಿಲ್ಲ. ಬಾಳಯ್ಯ ಚಿತ್ರದ ಎದುರಿಗೆ ಕಾಲು ಮಡಿಸಿ ಕೂತ. ಬಹಳ ಹೊತ್ತು ಕೂತ. ಆಮೇಲೆ ತಿರುಗದೆಯೇ ಕೇಳಿದ: “ಆಯೀ, ಕೈ ಯಾವಾಗ ಇಳಸ್ತಾಳ?”

ದಿಗಂಬರ ತನಗೇ ಕೇಳಿದ್ದೆಂಬಂತೆ ಬೆವತ. ಅಕ್ಕವ್ವ ಮೊರ ಎತ್ತಿಕೊಂಡಳು. “ಪೂಜಿ ಮುಗೀಲೇಳೋ” ಎಂದಳು. “ಗಡಿಬಿಡಿ ಮಾಡಬ್ಯಾಡ ಅಕೀಗೆ.” ಹುಡುಗ ತಲೆ ಹಾಕಿದ, ಕಾಯುವುದು ತನಗೆ ಗೊತ್ತಿರುವ ಕೆಲಸ ಎಂಬಂತೆ.

ಬಿಸಿಲು ಇಳಿಯುತ್ತಿದ್ದಂತೆ ಅವನು ಹೊರಟ. ಏನನ್ನೂ ತೆಗೆದುಕೊಳ್ಳಲು ಒಪ್ಪದಿದ್ದಾಗ ಅಕ್ಕವ್ವ ಬಾಳೆಹಣ್ಣಿನ ಗೊನೆಯ ಒಂದು ಚಿಪ್ಪನ್ನು ಮೊಮ್ಮಗಳ ಕೈಗೆ ಕೊಟ್ಟು, ಓಣಿಯ ತಿರುವಿನ ತನಕ ಕಳಿಸಿದಳು. ಸಾವಂತ್ರವ್ವ ಅವನಿಗಿಂತ ಎರಡು ಹೆಜ್ಜೆ ಹಿಂದೆ ನಡೆದಳು. ಕುಂಬಾರರ ಮನೆಗಳ ಮುಂದೆ ಒಣಗಲಿಟ್ಟ ಹೆಂಚುಗಳ ಸಾಲು ಮುಗಿದಲ್ಲಿ ನಿಂತಳು.

“ಮಾಸ್ತರ.”

“ಏನವಾ?”

“ನೀವು ಮೂರು ಅಂದಾಗ ನಾ ಅವ್ವಾ ಅಂತ ಕರದೆ. ಹೊರಗ ಅಪ್ಪ ಬಂದಂಗಾತು, ಅದಕ್ಕ ಕರದೆ.” ಅವಳು ಹಣ್ಣಿನ ಚಿಪ್ಪನ್ನು ಎದೆಗೆ ಒತ್ತಿ ಹಿಡಿದಿದ್ದಳು. “ಅದಕ್ಕ ಅಲುಗಿದ್ಲೇನು?”

ಹೆಂಚಿನ ಮೇಲೊಂದು ಕಾಗೆ ಕೂತು ಎದ್ದಿತು. ನೆಲ ನೋಡುತ್ತ ಅವಳು ಮಧ್ಯಾಹ್ನ ಎಣಿಸುತ್ತಿದ್ದದ್ದು ಏನನ್ನು ಎಂದು ದಿಗಂಬರನಿಗೆ ಈಗ ಗೊತ್ತಾಯಿತು: ಒಂದು, ಎರಡು, ಮೂರು. ಅವಳ ಮೇಲಿನ ಒಂದು ಭಾರ ಇಳಿಸಿದೆನೆಂದು ಹಿಗ್ಗಿದ್ದನಲ್ಲ. ಆ ಭಾರವನ್ನು ಆಯಿ ಹೊರಿಸಿದ್ದಳು, ಒಂದಲ್ಲ ಒಂದು ದಿನ ಆಯಿಯ ಮಾತು ಮೂಢತನವೆಂದು ಹುಡುಗಿ ಅದನ್ನು ಇಳಿಸಿಬಿಡುತ್ತಿದ್ದಳು. ತಾನು ಕರೆದದ್ದರಿಂದಲೇ ಅವ್ವನ ಪಟ ಕೆಟ್ಟಿತೆಂಬ ಈ ಭಾರವನ್ನು ಹೊರಿಸಿದವನು ಕಸಬು ಬಲ್ಲವನು. ಒಂದೇ ಮಾತು ಸಾಕು. ಮನೆಯಲ್ಲಿ ಯಾರಿಗೂ ಹೇಳಬೇಕಾಗಿಲ್ಲ, ಇಲ್ಲೇ, ಈ ಹೆಂಚುಗಳ ಹತ್ತಿರ, ಇವಳೊಬ್ಬಳಿಗೆ. ಅವನು ಬಾಯಿ ತೆರೆದ. ಅವನ ದನಿ, “ಕಾಚು ಹಸೀ ಅರಿವಿಲೆ ಒರಸಬ್ಯಾಡವಾ. ನೀರು ಒಳಗಿಳದ್ರ ಚಿತ್ರ ಕೆಡತದ. ಒಣಾ ಅರಿವಿಲೆ ಒರಸು” ಎಂದಿತು.

“ಹೂಂನ್ರಿ” ಎಂದಳು ಸಾವಂತ್ರವ್ವ. ಕೇಳಿದ್ದಕ್ಕೆ ಉತ್ತರ ಸಿಕ್ಕವಳಂತೆ ತಲೆ ಹಾಕಿ, ಹಣ್ಣಿನ ಚಿಪ್ಪನ್ನು ಅವನ ಚೀಲದ ಮೇಲಿಟ್ಟು, ತಿರುಗಿ ನಡೆದಳು. ಓಡಲಿಲ್ಲ. ದೊಡ್ಡವರು ನಡೆಯುವಂತೆ ನಡೆದಳು.

ನಿಲ್ದಾಣದಲ್ಲಿ ಗಾಡಿ ತಡವಿತ್ತು. ತಿರುಗಿ ಹೋಗುವಷ್ಟು ಹೊತ್ತು ಇತ್ತು. ಅವನು ಎರಡು ಸಲ ಎದ್ದು ಎರಡು ಸಲ ಕೂತ. ಹಣ್ಣು ಚೀಲದಲ್ಲಿ ಬೆಚ್ಚಗೆ ನಾರುತ್ತಿತ್ತು. ಗಾಡಿ ಬಂತು, ಹತ್ತಿದ, ಕಿಟಕಿಯ ಹತ್ತಿರ ಜಾಗ ಸಿಕ್ಕಿತು. ಆಮೇಲೆ ಎಷ್ಟೋ ಸಲ ಅವನು ಆ ಊರಿನ ಮೇಲೆ ಹಾದುಹೋದ, ಒಂದೆರಡು ಸಲ ಚನ್ನಬಸಯ್ಯನ ಅಂಗಡಿಯ ಮುಂದೆಯೂ. ಶ್ರಾವಣದ ಆ ಸಂಜೆ ಕತ್ತಲೆಕೋಣೆಯ ಹೊರಗೆ ಕಾಚನ್ನು ಬೆಳಕಿಗೆ ಹಿಡಿದಾಗ ಅವಳು, ಕಾಚಿನಲ್ಲಿ ಎಲ್ಲರೂ ಮೂಡುವಂತೆ, ಕಪ್ಪು ಮುಖ ಬಿಳಿ ಕೂದಲಿನವಳಾಗಿ, ಹುಬ್ಬಿನ ಒಂದೊಂದು ಎಳೆಯೂ ಬೇರೆ ಬೇರೆಯಾಗಿ, ಗದ್ದದ ಮೂರು ಚುಕ್ಕಿಗಳೂ ಸ್ಪಷ್ಟವಾಗಿ ಮೂಡಿದ್ದಳು. ಡಿಸೆಂಬರಿನಲ್ಲಿ ಸೋಡಾ ನೀರಿಗೆ ಇಳಿಬಿಡುವ ಮೊದಲು ಅವನು ಅದನ್ನು ಇನ್ನೊಮ್ಮೆ ನೋಡಿದ್ದ. ಮಗಳು ಕರೆದಾಗ ಅವಳು ಅಲುಗಿರಲಿಲ್ಲ. ಅದನ್ನು ಅವನು ಸಾವಂತ್ರವ್ವನಿಗೆ ಯಾವತ್ತೂ ಹೇಳಲಿಲ್ಲ.